ಕೆಜಿಎಫ್ ಗಣಿ ಮತ್ತೆ ಶುರುವಾದರೆ ಬಾಡಿಗೆ ಮನೆಗಳಿಗೆ ಬಂಗಾರದ ಬೆಲೆ ಬರುತ್ತದೆಯೇ?

ಕೋಲಾರ ಜಿಲ್ಲೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಎದ್ದು ಬರುವ ಒಂದು ಸಂದೇಶವಿದೆ. ಪದಗಳು ಬದಲಾಗುತ್ತವೆ, ತಿರುಳು ಮಾತ್ರ ಇದೇ: 80 ವರ್ಷಗಳ ನಂತರ ಕೆಜಿಎಫ್ ಚಿನ್ನದ ಗಣಿ ಮತ್ತೆ ತೆರೆಯುತ್ತಿದೆ, ಹತ್ತಾರು ಸಾವಿರ ಜನರಿಗೆ ಕೆಲಸ ಸಿಗಲಿದೆ, ಹೊರಗಿನಿಂದ ಬರುವವರಿಗೆ ಇರಲು ಜಾಗವೇ ಸಾಲುವುದಿಲ್ಲ, ಹಾಗಾಗಿ ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ ಸುತ್ತಮುತ್ತ ಈಗಲೇ ಸೈಟು ಹಿಡಿಯಿರಿ, ನಾಲ್ಕು ರೂಮು ಕಟ್ಟಿ ಬಾಡಿಗೆಗೆ ಬಿಡಿ. ಕೊನೆಯಲ್ಲಿ ಒಂದು ಫೋನ್ ನಂಬರ್.

ಮೊದಲಿಗೆ ಚಿಕ್ಕ ಉತ್ತರ. ಕೆಜಿಎಫ್‌ನಲ್ಲಿ ಆಗಲಿದೆ ಎನ್ನುತ್ತಿರುವುದು ಸುರಂಗಕ್ಕೆ ಇಳಿಯುವ ಹಳೆಯ ಗಣಿಗಾರಿಕೆಯಲ್ಲ. ಹಿಂದಿನವರು ಅಗೆದು ಅರೆದು ಬಿಟ್ಟುಹೋದ ಮಣ್ಣಿನ ಗುಡ್ಡಗಳನ್ನು ಮತ್ತೊಮ್ಮೆ ಸೋಸುವ ಕೆಲಸ. ಅದಕ್ಕೆ ಬೇಕಾಗುವ ಜನ ಬಹಳ ಕಡಿಮೆ. '80 ವರ್ಷ' ಎನ್ನುವುದು ತಪ್ಪು. ಆದರೆ ಸಂದೇಶದ ಒಳಗಿರುವ ಒಂದು ಮಾತು ಮಾತ್ರ ಪೂರ್ತಿ ಸುಳ್ಳಲ್ಲ. ನೆಲದಡಿಯ ಸಂಪತ್ತು ಸಿಕ್ಕ ಕಡೆಯಲ್ಲೆಲ್ಲ ಮೊದಲು ಕಷ್ಟಕ್ಕೆ ಸಿಲುಕುವುದು ತಲೆ ಮೇಲಿನ ಸೂರು. ಇದು ಕೆಜಿಎಫ್‌ನಲ್ಲೇ ಒಮ್ಮೆ ನಡೆದುಹೋಗಿದೆ, ಹಾಗಾಗಿ ಅದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

80 ವರ್ಷ ಎಲ್ಲಿಂದ ಬಂತು?

ಎಲ್ಲಿಂದಲೂ ಇಲ್ಲ. ಕೆಜಿಎಫ್ ಗಣಿಗಳನ್ನು 1956ರಲ್ಲಿ ಮೈಸೂರು ರಾಜ್ಯ ಸರ್ಕಾರ ವಶಕ್ಕೆ ತೆಗೆದುಕೊಂಡಿತು, 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಬಿಜಿಎಂಎಲ್, ಹುಟ್ಟಿತು. ಗಣಿ ಮುಚ್ಚಿದ್ದು 2001ರ ಫೆಬ್ರವರಿ ಕೊನೆಯ ದಿನ. ಅಂದರೆ ಕಾಲು ಶತಮಾನದ ಹಿಂದಿನ ಮಾತಷ್ಟೇ. ಅಲ್ಲಿ ಕೆಲಸ ಮಾಡಿದವರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಅವರ ಮಕ್ಕಳ ಮೊಬೈಲ್‌ಗೂ ಈ '80 ವರ್ಷ'ದ ಸಂದೇಶ ಬರುತ್ತದೆ ಎನ್ನುವುದೇ ವಿಚಿತ್ರ. ಇನ್ನು 'ಸ್ವಾತಂತ್ರ್ಯದ ನಂತರ ದೇಶದಲ್ಲಿ ಶುರುವಾಗುವ ಮೊದಲ ಚಿನ್ನದ ಗಣಿ' ಎಂದು ಸೇರಿಸುವವರು ರಾಯಚೂರು ಜಿಲ್ಲೆಯ ಹಟ್ಟಿಯನ್ನು ಮರೆತಿರುತ್ತಾರೆ. ಅಲ್ಲಿ ರಾಜ್ಯ ಸರ್ಕಾರದ ಕಂಪನಿ ಇವತ್ತಿಗೂ ಚಿನ್ನ ತೆಗೆಯುತ್ತಿದೆ.

'ಕೆಜಿಎಫ್' ಸಿನಿಮಾ ನೋಡಿ ಅಲ್ಲಿ ಎಪ್ಪತ್ತರ ದಶಕದಲ್ಲಿ ಜೀತದಾಳುಗಳು ಇದ್ದರು ಎಂದುಕೊಂಡವರೂ ಇದ್ದಾರೆ. ಆ ಹೊತ್ತಿಗೆ ಅದು ಸರ್ಕಾರಿ ಕಂಪನಿ. ಸಂಬಳ, ಯೂನಿಯನ್, ಆಸ್ಪತ್ರೆ ಎಲ್ಲವೂ ಇತ್ತು. ಕಷ್ಟ ಇರಲಿಲ್ಲ ಎಂದಲ್ಲ, ಆ ಕಷ್ಟ ಬೇರೆ ಬಗೆಯದು.

ಹಾಗಾದರೆ ಈಗ ಆಗುತ್ತಿರುವುದೇನು?

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೇಂದ್ರದ ಒಂದು ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಬಿಜಿಎಂಎಲ್‌ಗೆ ಸೇರಿದ ಸುಮಾರು 1,003 ಎಕರೆಯಲ್ಲಿ ಹರಡಿರುವ 13 ತ್ಯಾಜ್ಯ ಗುಡ್ಡಗಳನ್ನು ಸಂಸ್ಕರಿಸಲು ಹರಾಜು ಹಾಕುವ ಪ್ರಸ್ತಾವ ಅದು. ಊರವರು ಸೈನೈಡ್ ದಿಬ್ಬ ಎಂದು ಕರೆಯುವುದು ಇವನ್ನೇ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಬೂದು ಮಣ್ಣು. ಹಳೆಯ ಕಾಲದ ವಿಧಾನದಲ್ಲಿ ಚಿನ್ನ ಪೂರ್ತಿಯಾಗಿ ಕೈಗೆ ಬರುತ್ತಿರಲಿಲ್ಲವಾದ್ದರಿಂದ ಈ ಮಣ್ಣಿನಲ್ಲಿ ಚೂರುಪಾರು ಇನ್ನೂ ಇದೆ.

ಎಷ್ಟಿದೆ? ಟನ್‌ಗೆ ಒಂದು ಗ್ರಾಂಗಿಂತ ಕಡಿಮೆ ಎನ್ನುವುದು ಸಾಮಾನ್ಯ ಲೆಕ್ಕ. ಧಾರಾಳವಾಗಿ ಒಂದು ಗ್ರಾಂ ಎಂದೇ ಇಟ್ಟುಕೊಳ್ಳೋಣ, ಅದೂ ಒಂದು ಚೂರೂ ಪೋಲಾಗದೆ ಸಿಕ್ಕಿತು ಎನ್ನೋಣ. ಒಂದು ಕೆಜಿ ಚಿನ್ನಕ್ಕೆ ಸಾವಿರ ಟನ್ ಮಣ್ಣು. ಹತ್ತು ಟನ್ ಹೊರುವ ಲಾರಿಯಲ್ಲಿ ನೂರು ಲೋಡ್. ಸಂದೇಶಗಳಲ್ಲಿ ಓಡಾಡುವ 'ವರ್ಷಕ್ಕೆ 750 ಕೆಜಿ' ಎಂಬ ಅಂಕಿಯನ್ನೇ ನಂಬಿದರೂ, ವರ್ಷಕ್ಕೆ ಏಳೂವರೆ ಲಕ್ಷ ಟನ್, ಅಂದರೆ ದಿನಕ್ಕೆ ಎರಡು ಸಾವಿರ ಟನ್‌ಗೆ ತುಸು ಹೆಚ್ಚು. ಇದನ್ನು ಬಗೆಯಲು ಬುಟ್ಟಿ ಹಿಡಿದ ಸಾವಿರಾರು ಜನ ಬೇಡ. ನಮ್ಮ ಕಡೆ ಹಿಟಾಚಿ ಎನ್ನುತ್ತೇವಲ್ಲ, ಆ ಯಂತ್ರ ಒಂದೇ ಗಂಟೆಗೆ ನೂರು ಟನ್‌ಗಿಂತ ಹೆಚ್ಚು ಮಣ್ಣು ಎತ್ತುತ್ತದೆ. ಎರಡು ಮೂರು ಹಿಟಾಚಿ, ಒಂದಷ್ಟು ಟಿಪ್ಪರ್, ಟ್ಯಾಂಕುಗಳಿರುವ ಒಂದು ಸ್ಥಾವರ, ಲ್ಯಾಬು, ಕಾವಲು. ಮಣ್ಣು ಮೊದಲೇ ಅರೆದಿರುವುದರಿಂದ ಬಂಡೆ ಒಡೆಯುವ, ಸಿಡಿಸುವ, ಮೇಲಕ್ಕೆ ಎತ್ತುವ ಕೆಲಸವೇ ಇಲ್ಲ. ಹಳೆಯ ಗಣಿಯಲ್ಲಿ ಸಾವಿರಾರು ಜನ ಬೇಕಾಗಿದ್ದುದು ಆ ಕೆಲಸಕ್ಕೇ. ಈಗ ಕೆಲಸ ಸಿಗುವವರ ಸಂಖ್ಯೆ ನೂರರ ಲೆಕ್ಕದಲ್ಲಿರಬಹುದು, ಹತ್ತಾರು ಸಾವಿರದ ಲೆಕ್ಕಕ್ಕೆ ಆಧಾರವಿಲ್ಲ. ಅದರಲ್ಲೂ ಟಿಪ್ಪರ್ ಓಡಿಸುವವರು, ಯಂತ್ರ ನಡೆಸುವವರು ಗುತ್ತಿಗೆದಾರರ ಜೊತೆಗೇ ಬಂದು ಜೊತೆಗೇ ಹೋಗುವ ಜನ.

ಮೊದಲ ಸಲ ಜನ ಬಂದಾಗ ಎಲ್ಲಿ ಮಲಗಿದರು?

ಇಲ್ಲಿ ಚಿನ್ನವಿದೆ ಎಂಬ ಸುದ್ದಿ ಹಳೆಯದು. 1802ರಲ್ಲಿ ಗಡಿ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಬರೆದಿಟ್ಟಿದ್ದ. ನ್ಯೂಜಿಲೆಂಡ್‌ನ ಯುದ್ಧ ಮುಗಿಸಿ ಬೆಂಗಳೂರಿನಲ್ಲಿ ನೆಲೆಸಿದ್ದ ಸೈನಿಕ ಮೈಕೆಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಹಣ ಸಾಲದೆ ಅವನ ಕೈಯಿಂದ ಅದು ಜಾರಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ನಿಜವಾದ ಅಬ್ಬರ ಶುರುವಾಯಿತು. ಕುರುಚಲು ಕಾಡಿದ್ದ ಜಾಗದಲ್ಲಿ 1901ರ ಜನಗಣತಿ ಹೊತ್ತಿಗೆ 38,204 ಜನ.

ಈ ಜನರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ತಮಿಳು ಮತ್ತು ತೆಲುಗು ಮಾತಾಡುವ ಬಡವರು. ಬಹುಪಾಲು ದಲಿತ ಕುಟುಂಬಗಳು, ಊರಿನ ಜಮೀನ್ದಾರನ ಕೆಲಸಕ್ಕಿಂತ ಕತ್ತಲ ಸುರಂಗವೇ ಮೇಲು ಎಂದು ಬಂದವರು. ಅವರಿಗೆ ಸಿಕ್ಕಿದ್ದು ತಟ್ಟಿ ಮನೆ. ಬಿದಿರ ತಟ್ಟಿಯ ಗೋಡೆ, ಮೇಲೆ ತಗಡು ಅಥವಾ ಹುಲ್ಲು, ಒಂದೇ ಕೋಣೆ, ಸಾಲಾಗಿ ಒಂದಕ್ಕೊಂದು ಅಂಟಿಕೊಂಡು. ಈ ಸಾಲಿಗೇ 'ಲೈನ್' ಎಂದು ಹೆಸರು. ಇವತ್ತಿಗೂ ಕೆಜಿಎಫ್‌ನಲ್ಲಿ ವಿಳಾಸ ಕೇಳಿದರೆ ಇಂಥ ಲೈನ್ ಎನ್ನುತ್ತಾರೆ. ಲೈನ್‌ಗಳನ್ನು ಶಾಫ್ಟಿನ ಹತ್ತಿರವೇ ಹಾಕಿದ್ದಕ್ಕೆ ಕಾರಣವಿದೆ. ಪಾಳಿಯ ಸೈರನ್ ಕೂಗಿದರೆ ಆಳು ನಡೆದು ಬರಬೇಕು. ನೆಲ ಕಂಪನಿಯದು, ಕೆಲಸ ಇರುವವರೆಗೆ ಸೂರು. ಎಂಜಿನಿಯರುಗಳಿಗೆ ತೋಟದ ನಡುವೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 'ಮಿನಿ ಇಂಗ್ಲೆಂಡ್' ಎಂದು ಸಂದೇಶಗಳಲ್ಲಿ ಹಾಡಿಹೊಗಳುವುದು ಈ ಒಂದು ಭಾಗವನ್ನು ಮಾತ್ರ.

ಇಷ್ಟು ಜನ ಇಷ್ಟು ಇಕ್ಕಟ್ಟಿನಲ್ಲಿ ಇದ್ದುದರ ಬೆಲೆ ಪ್ಲೇಗ್ ರೂಪದಲ್ಲಿ ಬಂತು. 20ನೇ ಶತಮಾನದ ಆರಂಭದಲ್ಲಿ ಗಣಿ ಊರು ಪ್ಲೇಗಿನಿಂದ ತತ್ತರಿಸಿತು. ಮೈಸೂರಿನ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿನ ರಾಬರ್ಟ್‌ಸನ್‌ಪೇಟೆ ಅದೇ ಕಾಲದ್ದು. ನೇರ ರಸ್ತೆಗಳ, ಅಡ್ಡ ಬೀದಿಗಳ ಆ ಪೇಟೆಯಲ್ಲಿ ಓಡಾಡಿದವರಿಗೆ ಅದು ತಾನಾಗಿ ಬೆಳೆದ ಊರಲ್ಲ, ನಕ್ಷೆ ಹಾಕಿ ಕಟ್ಟಿದ್ದು ಎಂದು ತಿಳಿಯುತ್ತದೆ.

ಇನ್ನೊಂದು ಮಾತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರ ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ. ಅಷ್ಟು ದೂರ ವಿದ್ಯುತ್ ಸಾಗಿಸಿದ್ದು ಆ ಕಾಲಕ್ಕೆ ನಿಜಕ್ಕೂ ದೊಡ್ಡ ಸಾಧನೆ. ('ಏಷ್ಯಾದ ಮೊದಲ ಜಲವಿದ್ಯುತ್' ಎಂದು ಫಾರ್ವರ್ಡ್ ಮಾಡುವ ಮುನ್ನ ನೆನಪಿರಲಿ: ಡಾರ್ಜಿಲಿಂಗ್‌ನ ಸಿದ್ರಾಪಾಂಗ್ 1897ರಲ್ಲೇ ಶುರುವಾಗಿತ್ತು.) ಆದರೆ ಆ ವಿದ್ಯುತ್ ತಂದದ್ದು ಯಂತ್ರಗಳಿಗಾಗಿ. ಹಣ ಹರಿಯುವ ಊರಿನಲ್ಲಿ ಮೊದಲು ಸೌಕರ್ಯ ಸಿಗುವುದು ಯಂತ್ರಕ್ಕೆ, ಆಮೇಲೆ ಬಂಗಲೆಗೆ. ಲೈನ್ ಮನೆಯ ಸರದಿ ಕೊನೆಗೆ.

ಅಮೆರಿಕದ ತೈಲದ ಊರಿನಲ್ಲೂ ಇದೇ ಕಥೆ

ಇದು ಹಳೆಯ ಕಾಲದ, ಬಡ ದೇಶದ ಮಾತು ಎನಿಸಿದರೆ ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ವಿಲಿಸ್ಟನ್ ಎಂಬ ಊರನ್ನು ನೋಡಿ. 2010ರಲ್ಲಿ ಅಲ್ಲಿನ ಜನಸಂಖ್ಯೆ 14,716. ಬಕೆನ್ ಎಂಬ ಬಂಡೆಯ ಪದರದಿಂದ ಎಣ್ಣೆ ತೆಗೆಯುವ ಹೊಸ ವಿಧಾನ ಕೈಗೂಡಿದ್ದೇ ತಡ, ದೇಶದ ಮೂಲೆಮೂಲೆಯಿಂದ ಜನ ನುಗ್ಗಿದರು. ಕೆಲಸ ಸಿಕ್ಕಿತು, ಸಂಬಳವೂ ಚೆನ್ನಾಗಿತ್ತು, ಮನೆ ಮಾತ್ರ ಸಿಗಲಿಲ್ಲ. ಒಂದು ಬೆಡ್‌ರೂಮಿನ ಮನೆಯ ಸರಾಸರಿ ಬಾಡಿಗೆ 2014ರ ಒಂದು ಸಮೀಕ್ಷೆಯ ಪ್ರಕಾರ ತಿಂಗಳಿಗೆ 2,300 ಡಾಲರ್ ದಾಟಿ, ನ್ಯೂಯಾರ್ಕನ್ನೇ ಹಿಂದೆ ಹಾಕಿತ್ತು.

ಜನ ಏನು ಮಾಡಿದರು? ಕಾರಿನಲ್ಲಿ ಮಲಗಿದರು. ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್‌ನಲ್ಲಿ ರಾತ್ರಿ ಕಳೆದರು. ಹಲವರು ಆರ್‌ವಿ ತಂದರು. ನಮ್ಮ ಕ್ಯಾರವಾನ್ ಇದ್ದಂತೆ, ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ವಾಹನ. ರಜೆಯಲ್ಲಿ ಊರು ಸುತ್ತಲು ಮಾಡಿದ್ದು. ಅದನ್ನು ನಿಲ್ಲಿಸಲು ಬಾಡಿಗೆ ಜಾಗಗಳಿರುತ್ತವೆ, ನೀರು ಮತ್ತು ಕರೆಂಟಿನ ಪಾಯಿಂಟು ಕೊಡುತ್ತಾರೆ. ಪ್ರವಾಸಿಗರಿಗಾಗಿ ಇದ್ದ ಆ ಜಾಗಗಳು ರಾತ್ರೋರಾತ್ರಿ ಕಾರ್ಮಿಕರ ಕಾಲೊನಿಗಳಾದವು. ಬಾಡಿಗೆ ಏರಿತು. ಮೊದಲಿಂದ ಅಲ್ಲಿ ಅಗ್ಗವಾಗಿ ತಂಗುತ್ತ ಊರೂರು ತಿರುಗಿ ಕೆಲಸ ಮಾಡುತ್ತಿದ್ದವರಿಗೇ ಜಾಗ ಇಲ್ಲವಾಯಿತು. ಮೈನಸ್ 30 ಡಿಗ್ರಿಯ ಚಳಿಗೆ ಆ ತೆಳು ಗೋಡೆಯ ಗಾಡಿಗಳಲ್ಲಿ ನೀರಿನ ಪೈಪು ಹೆಪ್ಪುಗಟ್ಟುತ್ತಿತ್ತು. ತಟ್ಟಿ ಮನೆಯಲ್ಲಿ ಮಳೆ ಸೋರಿದ ಹಾಗೆ.

2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೀರಿದ್ದ ಎಣ್ಣೆ 2016ರ ಆರಂಭದಲ್ಲಿ 30ಕ್ಕಿಂತ ಕೆಳಗಿಳಿಯಿತು. ಕೆಲಸಗಾರರು ಗಾಡಿಯ ಸಮೇತ ಹೊರಟುಹೋದರು. ಆರ್‌ವಿಯ ಅನುಕೂಲವೇ ಅದು, ಮನೆಗೆ ಚಕ್ರ ಇದೆ. ಸಾಲ ಮಾಡಿ ಅಪಾರ್ಟ್‌ಮೆಂಟ್ ಕಟ್ಟಿಸಿದವರಿಗೆ ಆ ಅನುಕೂಲ ಇರಲಿಲ್ಲ. ಬಾಡಿಗೆ ಅರ್ಧಕ್ಕರ್ಧ ಇಳಿದ ಮನೆಗಳೂ ಇದ್ದವು. ಆಮೇಲೆ ಊರು ಸ್ವಲ್ಪ ಚೇತರಿಸಿಕೊಂಡಿತು, ಅದು ನಿಜ: 2020ರ ಗಣತಿಯಲ್ಲಿ ಜನಸಂಖ್ಯೆ 29,160. ಆದರೆ ನಡುವಿನ ಆ ಎರಡು ವರ್ಷ ಕಂತು ಕಟ್ಟಲಾಗದೆ ಹೋದವರಿಗೆ ಈ ಅಂಕಿಯಿಂದ ಏನೂ ಬರಲಿಲ್ಲ.

ಸಂದೇಶ ಕಳಿಸುವವರು ಹೇಳದೆ ಬಿಡುವುದು ಇದನ್ನೇ. ಬಾಡಿಗೆ ಏರುವುದಕ್ಕೆ ಬೇಕಾಗುವುದು ನೆಲದಡಿಯ ಚಿನ್ನವಲ್ಲ, ಏಕಕಾಲಕ್ಕೆ ಬಂದಿಳಿಯುವ ಸಾವಿರಾರು ಜನ. ಅವರು ಬರುವುದು ಎಷ್ಟು ಬೇಗವೋ ಹೋಗುವುದೂ ಅಷ್ಟೇ ಬೇಗ.

ಗಣಿ ಮುಚ್ಚಿದ ಮೇಲೆ: ಮನೆ ಇಲ್ಲಿ, ಕೆಲಸ ಅಲ್ಲಿ

ಕೆಜಿಎಫ್‌ನಲ್ಲಿ ಆದದ್ದು ವಿಲಿಸ್ಟನ್‌ಗಿಂತ ಬೇರೆ. 2001ರಲ್ಲಿ ಕೆಲಸ ಹೋದಾಗ ಜನ ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಅಷ್ಟು ಹೊತ್ತಿಗೆ ಮೂರು ನಾಲ್ಕು ತಲೆಮಾರು ಅಲ್ಲೇ ಹುಟ್ಟಿ ಬೆಳೆದಿತ್ತು. ಸಾವಿರಾರು ಕುಟುಂಬಗಳು ಅದೇ ಲೈನ್ ಮನೆಗಳಲ್ಲಿ ಉಳಿದವು. ಮನೆ ತಮ್ಮ ಹೆಸರಿಗಾಗಬೇಕು ಎಂಬ ಅವರ ಬೇಡಿಕೆ ವರ್ಷಗಟ್ಟಲೆ ನಡೆದಿದೆ.

ಮನೆ ಇಲ್ಲಿ ಉಳಿದು ಕೆಲಸ ಬೆಂಗಳೂರಿಗೆ ಹೋಯಿತು. ನಡುವೆ ರೈಲು. ಬೆಂಗಳೂರು–ಜೋಲಾರಪೇಟೆ ಮಾರ್ಗ 1864ರದು. ಅದರಿಂದ ಗಣಿಗೆ ಕವಲು ಹಾಕಿದ್ದು 1894ರಲ್ಲಿ, ಯಂತ್ರ ಮತ್ತು ಕಲ್ಲಿದ್ದಲು ತರಲು. ಬಂಗಾರಪೇಟೆಯಿಂದ ಹೊರಟು ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಚಿನ್ನದ ಕಂಪನಿಗಾಗಿ ಹಾಕಿದ ಹಳಿಯ ಮೇಲೆ ಈಗ ದಿನವೂ ಮುಂಜಾನೆ ಊಟದ ಡಬ್ಬಿ ಹಿಡಿದ ಸಾವಿರಾರು ಜನ ಸಾಗುತ್ತಾರೆ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ವೆಲ್ಡಿಂಗ್, ಆಫೀಸು, ಆಸ್ಪತ್ರೆ. ಕೆಲವರು ವೈಟ್‌ಫೀಲ್ಡ್‌ನಲ್ಲಿ ಇಳಿಯುತ್ತಾರೆ, ಕೆಲವರು ಕೆ.ಆರ್. ಪುರದಲ್ಲಿ, ಉಳಿದವರು ಕಂಟೋನ್ಮೆಂಟ್‌ವರೆಗೆ.

ಬೆಂಗಳೂರಿನಲ್ಲೇ ರೂಮು ಮಾಡಬಾರದೇ ಎಂದು ಕೇಳುವವರಿಗೆ ಒಂದು ಲೆಕ್ಕ. ಹೋಗಿ ಬರಲು ದಿನಕ್ಕೆ ಐದು ಗಂಟೆ ಎಂದುಕೊಳ್ಳಿ, ತಿಂಗಳಿಗೆ 26 ದಿನ, 130 ಗಂಟೆ. ತಿಂಗಳಲ್ಲಿ ಐದು ಹಗಲು, ಐದು ರಾತ್ರಿ ಪೂರ್ತಿ ರೈಲಿನಲ್ಲೇ. ಅದನ್ನು ಸಹಿಸಿಕೊಂಡೂ ಜನ ಓಡಾಡುತ್ತಾರೆ ಎಂದರೆ ನಗರದ ಬಾಡಿಗೆ ಮತ್ತು ಹತ್ತು ತಿಂಗಳ ಅಡ್ವಾನ್ಸ್ ಅದಕ್ಕಿಂತ ಭಾರ ಎಂದರ್ಥ. ರೈಲ್ವೆಯ ತಿಂಗಳ ಪಾಸು 150 ಕಿ.ಮೀ. ದೂರದವರೆಗೆ ಸಿಗುತ್ತದೆ. ಕೆಜಿಎಫ್ ಅದರೊಳಗೇ ಬರುತ್ತದೆ. ಈ ಪಾಸು ಇಲ್ಲದಿದ್ದರೆ ಊರು ಎಂದೋ ಖಾಲಿಯಾಗುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ. ಕೆಜಿಎಫ್‌ನಲ್ಲಿ ಅಗ್ಗದ ಮನೆ ಹುಡುಕುವವರು ಮೊದಲು ರೈಲ್ವೆ ವೇಳಾಪಟ್ಟಿ ನೋಡುತ್ತಾರೆ, ಚಿನ್ನದ ಬೆಲೆಯನ್ನಲ್ಲ.

ಬಂಗಾರಪೇಟೆಯ ಹೆಸರಿನ ಬಗ್ಗೆಯೂ ಒಂದು ಸಂದೇಶ ಓಡಾಡುತ್ತದೆ, ಅಲ್ಲಿ ಬಂಗಾರ ತೂಗುತ್ತಿದ್ದರಂತೆ. ಊರಿನ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನದು. ಜನರ ಬಾಯಲ್ಲಿ ಅದು ಬಂಗಾರವಾಯಿತು.

ಹಾಗಾದರೆ ಜಿಲ್ಲೆಯಲ್ಲಿ ಬಾಡಿಗೆ ಏರಿಯೇ ಇಲ್ಲವೇ?

ಏರಿದೆ, ಆದರೆ ಅದಕ್ಕೆ ಕಾರಣ ಗಣಿಯಲ್ಲ. ಕೋಲಾರ ತಾಲ್ಲೂಕಿನ ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದಿವೆ. ಐಫೋನ್ ಜೋಡಿಸುವ ಘಟಕವೂ ಅಲ್ಲೇ ಇದೆ. ಹಿಂದೆ ವಿಸ್ಟ್ರಾನ್, 2023ರಿಂದ ಟಾಟಾ ಎಲೆಕ್ಟ್ರಾನಿಕ್ಸ್. ಬೇರೆ ಬೇರೆ ಜಿಲ್ಲೆ, ರಾಜ್ಯಗಳಿಂದ ಬಂದ ಹುಡುಗ ಹುಡುಗಿಯರಿಗೆ ಪಿಜಿ, ಹಾಸ್ಟೆಲ್, ಒಂದೇ ರೂಮಿನಲ್ಲಿ ನಾಲ್ಕೈದು ಹಾಸಿಗೆ, ಕಂಪನಿ ಬಸ್ಸು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಕಟ್ಟುವಾಗಲೂ ಮಾಲೂರು, ಬಂಗಾರಪೇಟೆ, ಬೇತಮಂಗಲ ಹಾದಿಯಲ್ಲಿ ತಗಡಿನ ಶೆಡ್ಡುಗಳು ಎದ್ದವು. ರಾಜ್ಯದೊಳಗಿನ ಸುಮಾರು 70 ಕಿ.ಮೀ. ಭಾಗ 2024ರ ಕೊನೆಗೆ ಓಡಾಟಕ್ಕೆ ಸಿಕ್ಕಿತು. ಕೆಲಸ ಮುಗಿದ ಕಡೆ ಶೆಡ್ಡೂ ಇಲ್ಲ, ಅವರಿಗೆ ಟೀ ಮಾರುತ್ತಿದ್ದ ಪೆಟ್ಟಿಗೆ ಅಂಗಡಿಯೂ ಇಲ್ಲ.

ಶೆಡ್ಡಿನಲ್ಲಿ ಇರುವವರು ಅಥವಾ ಅವರನ್ನು ಬಲ್ಲವರು ಇದನ್ನು ಓದುತ್ತಿದ್ದರೆ ಒಂದು ವಿಷಯ ತಿಳಿದಿರಲಿ. ಕಟ್ಟಡ ಮತ್ತು ನಿರ್ಮಾಣ ಕಾರ್ಮಿಕರ 1996ರ ಕೇಂದ್ರ ಕಾಯ್ದೆಯೇ ಹೇಳಿತ್ತು: ಕೆಲಸ ನಡೆಯುವಷ್ಟು ಕಾಲ ಮಾಲೀಕ ಕಾರ್ಮಿಕರಿಗೆ ಉಚಿತವಾಗಿ ತಾತ್ಕಾಲಿಕ ವಸತಿ ಕೊಡಬೇಕು, ಅದಕ್ಕೆ ಪ್ರತ್ಯೇಕ ಅಡುಗೆ, ಸ್ನಾನ, ಶೌಚದ ವ್ಯವಸ್ಥೆ ಇರಬೇಕು. ಶೆಡ್ಡಿಗೆ ಎಂದು ಕೂಲಿಯಲ್ಲಿ ಹಣ ಮುರಿಯುವುದು ಗುತ್ತಿಗೆದಾರನ ಹಕ್ಕು ಎಂದು ನಂಬಿಕೊಂಡಿರುವವರು ಬಹಳ. ಕಾರ್ಮಿಕ ಇಲಾಖೆಯಲ್ಲಿ ದೂರು ಕೊಡಬಹುದು.

ಸಂದೇಶದ ಕೊನೆಯ ಫೋನ್ ನಂಬರ್‌ಗೆ ಕರೆ ಮಾಡುವ ಮುನ್ನ

ಗಣಿ ಊರಿನ ಸುತ್ತಲಿನ ಬಹಳಷ್ಟು ನೆಲ ಬಿಜಿಎಂಎಲ್‌ನದು, ಅಂದರೆ ಸರ್ಕಾರದ್ದು. ಬ್ರೋಕರ್ ತೋರಿಸುವ ಸೈಟು ಅದರೊಳಗೆ ಇದೆಯೇ ಎಂದು ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಯಾರಾದರೂ ಲೈನ್ ಮನೆಯನ್ನೇ 'ಮಾರುತ್ತೇನೆ' ಎಂದರೆ, ಅವರ ಹೆಸರಿಗೆ ಹಕ್ಕುಪತ್ರ ಆಗಿದೆಯೇ ನೋಡಿ. ವಾಸ ಇರುವುದು ಬೇರೆ, ಮಾಲೀಕತ್ವ ಬೇರೆ. ಲೇಔಟು 500 ಚದರ ಮೀಟರ್‌ಗಿಂತ ದೊಡ್ಡದಾಗಿದ್ದರೆ ಸಾಮಾನ್ಯವಾಗಿ ರೇರಾ ನೋಂದಣಿ ಬೇಕು. ನಂಬರ್ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ನೀವೇ ಹುಡುಕಿ. ಋಣಭಾರ ಪ್ರಮಾಣಪತ್ರವನ್ನು, ಇ.ಸಿ. ಎನ್ನುತ್ತಾರಲ್ಲ, ಕಾವೇರಿ ಆನ್‌ಲೈನ್‌ನಲ್ಲಿ ತೆಗೆಸಬಹುದು. ಕೆಲಸ ಕೊಡಿಸುತ್ತೇವೆ ಎಂದು ಮುಂಗಡ ಕೇಳುವವರಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ. ಸರ್ಕಾರಿ ಕಂಪನಿಯಾಗಲಿ, ಹರಾಜು ಗೆದ್ದ ಕಂಪನಿಯಾಗಲಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಣ ಪಡೆದು ನೇಮಕ ಮಾಡುವುದಿಲ್ಲ.

ದಿಬ್ಬದ ಪಕ್ಕದಲ್ಲಿ ಬಾಡಿಗೆ ಮನೆ ಹಿಡಿಯುವವರು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಸೈನೈಡ್ ಹೆಸರು ಕೇಳಿ ಭಯ ಬೀಳುತ್ತೇವೆ. ಆದರೆ ಬಿಸಿಲು ಗಾಳಿಗೆ ಬಿದ್ದ ಸೈನೈಡ್ ಕಾಲಕ್ರಮೇಣ ಒಡೆದುಹೋಗುತ್ತದೆ. ಹೆಚ್ಚು ಯೋಚಿಸಬೇಕಾದದ್ದು ಧೂಳು. ಅರೆದ ಬಂಡೆಯ ಈ ಹಿಟ್ಟಿನಲ್ಲಿರುವ ಸಿಲಿಕಾ ಉಸಿರಿನ ಜೊತೆ ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಗಣಿ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಇದೇ. ಬೇಸಿಗೆಯ ಗಾಳಿಗೆ ಬೂದು ಧೂಳು ಯಾವ ಬೀದಿಗೆ ಬೀಳುತ್ತದೆ ಎಂದು ಅಲ್ಲೇ ಇರುವ ಅಕ್ಕಪಕ್ಕದವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಪಾಯ ತುಂಬಲು, ಅಂಗಳ ಎತ್ತರಿಸಲು ಆ ಮಣ್ಣನ್ನು ಬಿಟ್ಟಿ ಸಿಗುತ್ತದೆಂದು ಲೋಡುಗಟ್ಟಲೆ ಹಾಕಿಸಬೇಡಿ. ಅದರಲ್ಲಿ ಗಿಡ ಸರಿಯಾಗಿ ಹಿಡಿಯುವುದಿಲ್ಲ, ಮನೆಯ ಮಕ್ಕಳು ಆಡುವುದೂ ಅದರ ಮೇಲೆಯೇ.